ಇಂಪ್ಲಾಂಟ್ ಗಟ್ಟಿಯಾಗಿ ಮೇಲಕ್ಕೆ ಸರಿದಿದೆ, ಮತ್ತೆ ಆಪರೇಷನ್ ಮಾಡಿಸಬೇಕಾ?

ಸೇಡಂ ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ಸೇಡಂನ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ವಯಸ್ಸು 46. 2020ರಲ್ಲಿ ಎಡಗಡೆ ಎದೆಯ ಕ್ಯಾನ್ಸರ್ ಅಂತ ಗೊತ್ತಾಯಿತು. ಆ ಕಡೆಯ ಸ್ತನ ಪೂರ್ತಿ ತೆಗೆದು, ಅದೇ ಆಪರೇಷನ್‌ನಲ್ಲಿ ಸಿಲಿಕಾನ್ ಇಂಪ್ಲಾಂಟ್ ಕೂಡಿಸಿದರು. ಆಮೇಲೆ ಕೀಮೋ, ಅದು ಮುಗಿದ ಮೇಲೆ ಕರೆಂಟ್, ಅಂದರೆ ರೇಡಿಯೇಷನ್. ಈಗ ಕ್ಯಾನ್ಸರ್ ಮರಳಿ ಬರದಿರಲಿ ಅಂತ ಟ್ಯಾಮಾಕ್ಸಿಫೆನ್ ಮಾತ್ರೆ ನಡೆದಿದೆ. ಚೆಕಪ್ ಕಲಬುರಗಿಯ ಕಿದ್ವಾಯಿ ಕೇಂದ್ರದಲ್ಲಿ. ಅಲ್ಲಿ ಎಲ್ಲ ಸರಿ ಇದೆ ಅಂತ ಹೇಳಿದ್ದಾರೆ.

ಸರಿ ಇಲ್ಲದ್ದು ಇಂಪ್ಲಾಂಟ್. ಮೊದಮೊದಲು ಮೆತ್ತಗೆ ಇತ್ತು. ಕರೆಂಟ್ ಕೊಡಿಸಿದ ಮರುವರ್ಷದಿಂದ ಬಿಗಿಯಾಗುತ್ತಾ ಬಂತು. ಈಗ ಮುಟ್ಟಿದರೆ ಗಟ್ಟಿ. ಬಲಗಡೆಗಿಂತ ಎಷ್ಟೋ ಮೇಲೆ, ಕೊರಳೆಲುಬಿನ ಹತ್ತಿರಕ್ಕೆ ಸರಿದು ನಿಂತಿದೆ. ಎಡ ಮಗ್ಗುಲಿಗೆ ಮಲಗಲು ಆಗುವುದಿಲ್ಲ. ಕಲಬುರಗಿಗೆ ಬಸ್ಸಿನಲ್ಲಿ ಹೋಗುವಾಗ ರಸ್ತೆ ಕೆಟ್ಟ ಕಡೆ ಕೈಯಿಂದ ಒತ್ತಿ ಹಿಡಿದುಕೊಂಡೇ ಕೂರುತ್ತೇನೆ. ಚಳಿಗಾಲದಲ್ಲಿ ಬೆಳಗ್ಗೆ ಎದ್ದರೆ ಎದೆಗೆ ಪಟ್ಟಿ ಬಿಗಿದ ಹಾಗೆ. ಎಡಗೈ ಪೂರ್ತಿ ಮೇಲೆತ್ತಿದರೆ ಕಂಕುಳದಿಂದ ಎಳೆಯುತ್ತದೆ. ಜಂಪರ್ ಹೊಲಿಸುವುದೇ ಬಿಟ್ಟಿದ್ದೇನೆ, ಎರಡು ಕಡೆಗೂ ಅಳತೆ ಕೂಡುವುದಿಲ್ಲ. ತರಗತಿಯಲ್ಲಿ ಸೆರಗಿಗೆ ಪಿನ್ ಹಾಕಿಕೊಂಡು, ಹುಡುಗರ ಕಡೆ ಬಲಗಡೆ ತಿರುಗಿಸಿಯೇ ನಿಲ್ಲುವುದು ರೂಢಿಯಾಗಿಬಿಟ್ಟಿದೆ.

ಆಪರೇಷನ್ ಆದ ಆಸ್ಪತ್ರೆಯ ಹೆಸರು ಬೇಡ. ಕರೆಂಟ್ ಕೊಟ್ಟರೆ ಇಂಪ್ಲಾಂಟ್ ಹೀಗಾಗಬಹುದು ಅಂತ ಅಲ್ಲಿ ಯಾರೂ ಮೊದಲೇ ಹೇಳಲಿಲ್ಲ. ಈಗ ಹೋಗಿ ತೋರಿಸಿದರೆ, "ಇದು ಬರೀ ಆಕಾರದ ಮಾತು, ಬಿಟ್ಟುಬಿಡಿ" ಅಂದರು. ಹೈದರಾಬಾದಿನಲ್ಲಿ ಇನ್ನೊಬ್ಬರಿಗೆ ತೋರಿಸಿದೆ. ಅವರು ಮೂರು ದಾರಿ ಹೇಳಿದರು. ಇಂಪ್ಲಾಂಟ್ ಸುತ್ತ ಗಟ್ಟಿಯಾದ ಪೊರೆ ತೆಗೆದು ಹೊಸ ಇಂಪ್ಲಾಂಟ್ ಹಾಕುವುದು. ಇಂಪ್ಲಾಂಟ್ ತೆಗೆದು ಬೆನ್ನಿನ ಅಥವಾ ಹೊಟ್ಟೆಯ ಮಾಂಸದಿಂದ ಕಟ್ಟುವುದು. ಇಲ್ಲ, ತೆಗೆದು ಹಾಗೇ ಮುಚ್ಚುವುದು. ಯೋಚನೆ ಮಾಡಿ ಬನ್ನಿ ಅಂದರು. ಹೊರಗೆ ಇನ್ನೂ ಬಹಳ ಜನ ಕಾಯುತ್ತಿದ್ದರು, ಕೇಳಬೇಕಾದ್ದು ನಾಲಿಗೆಗೆ ಬರಲಿಲ್ಲ.

ನಮ್ಮ ಮನೆಯವರು ಸಿಮೆಂಟ್ ಫ್ಯಾಕ್ಟರಿಯಲ್ಲಿದ್ದಾರೆ. ಒಳ್ಳೆಯವರು. ಕೀಮೋ ದಿನಗಳಲ್ಲಿ ನನ್ನ ತಲೆ ಹಿಡಿದು ಕೂತವರು. ಆದರೆ ಈ ಮಾತು ತೆಗೆದರೆ, "ಜೀವ ಉಳೀತಲ್ಲ, ಸಾಕು ಬಿಡು" ಅನ್ನುತ್ತಾರೆ. ಅವರಿಗೆ ಹೆದರಿಕೆ ಅಂತ ನನಗೆ ಗೊತ್ತು. ಅತ್ತೆ, "ಈ ವಯಸ್ಸಿಗೆ ಯಾರಿಗೆ ತೋರಿಸೋದಿದೆ" ಅಂದರು. ಆ ಮಾತು ಚುಚ್ಚಿತು. ನನಗೆ ಯಾರಿಗೂ ತೋರಿಸಬೇಕಿಲ್ಲ. ರಾತ್ರಿ ನಿದ್ದೆ ಬೇಕು. ಜೀವ ಉಳಿದಿದೆ ಅನ್ನುವ ಒಂದೇ ಕಾರಣಕ್ಕೆ ಈ ನೋವನ್ನು ಇರುವಷ್ಟು ದಿನ ಸುಮ್ನೆ ಹೊತ್ತುಕೊಂಡಿರಬೇಕಾ?

ಇದನ್ನೇ ದಾಟಿ ಬಂದವರು ಯಾರಾದರೂ ಇದ್ದರೆ ಹೇಳಿ. ಹೊಸ ಇಂಪ್ಲಾಂಟ್ ಹಾಕಿದರೆ ಅದೂ ಹೀಗೇ ಗಟ್ಟಿಯಾಗುತ್ತದಾ? ಬೆನ್ನಿನ ಮಾಂಸ ತೆಗೆದರೆ ರೊಟ್ಟಿ ಬಡಿಯಲು, ಕೊಡ ಎತ್ತಲು ಕೈ ಬರುತ್ತದಾ? ಪೂರ್ತಿ ತೆಗೆಸಿಕೊಂಡವರು ಹೇಗಿದ್ದೀರಿ? ಇನ್ನೊಂದು, ಫ್ಯಾಕ್ಟರಿಯ ಇನ್ಶೂರೆನ್ಸ್ ನೋಡಿಕೊಳ್ಳುವವರು ಇದು ಸೌಂದರ್ಯದ ಆಪರೇಷನ್, ದುಡ್ಡು ಬರುವುದಿಲ್ಲ ಅಂತಿದ್ದಾರೆ. ನಿಜವಾ?

ಬೀದರ್ ಸಿಸ್ಟರ್:

ಟೀಚರ್, ನಮಸ್ಕಾರ. ನಾನು ನರ್ಸ್. ಹೈದರಾಬಾದಿನಲ್ಲಿ ಪ್ಲಾಸ್ಟಿಕ್ ಸರ್ಜರಿ ವಾರ್ಡಿನಲ್ಲಿ ಬಹಳ ವರ್ಷ ಕೆಲಸ ಮಾಡಿ, ಈಗ ಬೀದರಿನಲ್ಲಿದ್ದೇನೆ. ಡಾಕ್ಟರ್ ಅಲ್ಲ. ವಾರ್ಡಿನಲ್ಲಿ ಕಂಡಿದ್ದನ್ನು ಹೇಳುತ್ತೇನೆ.

ಮೊದಲನೆಯದು, ಇದು "ಬರೀ ಆಕಾರದ ಮಾತು" ಅಲ್ಲ. ಇಂಪ್ಲಾಂಟ್ ಸುತ್ತ ಮೈ ತಾನೇ ಒಂದು ಪೊರೆ ಕಟ್ಟಿಕೊಳ್ಳುತ್ತದೆ. ಎಲ್ಲರಿಗೂ ಕಟ್ಟುತ್ತದೆ. ಕೆಲವರಲ್ಲಿ ಆ ಪೊರೆ ದಪ್ಪಗಾಗಿ, ಕುಗ್ಗಿ, ಇಂಪ್ಲಾಂಟನ್ನು ಹಿಂಡುತ್ತದೆ. ಡಾಕ್ಟರ್‌ಗಳು ಇದನ್ನು ಕ್ಯಾಪ್ಸುಲರ್ ಕಾಂಟ್ರಾಕ್ಚರ್ ಅನ್ನುತ್ತಾರೆ. ಬೇಕರ್ ಗ್ರೇಡ್ ಅಂತ ಒಂದರಿಂದ ನಾಲ್ಕರ ಲೆಕ್ಕ ಇದೆ. ಮೂರು ಅಂದರೆ ಗಟ್ಟಿಯಾಗಿ ಆಕಾರ ಕೆಟ್ಟಿದೆ ಅಂತ. ನಾಲ್ಕು ಅಂದರೆ ಅದರ ಜೊತೆ ನೋವೂ ಇದೆ ಅಂತ. ನೀವು ಬರೆದದ್ದು ಓದಿದರೆ ನಾಲ್ಕರ ಹಾಗೇ ಕಾಣುತ್ತದೆ. ಯಾವ ಗ್ರೇಡ್ ಅಂತ ಡಾಕ್ಟರ್ ಕೈಯಿಂದ ಬರೆಸಿಕೊಳ್ಳಿ. ಇನ್ಶೂರೆನ್ಸಿಗೂ ಅದು ಬೇಕಾಗುತ್ತದೆ. ಕರೆಂಟ್ ಬಿದ್ದ ಚರ್ಮದ ಕೆಳಗೆ ಇದು ಬೇರೆಯವರಿಗಿಂತ ಜಾಸ್ತಿ ಆಗುತ್ತದೆ. ಇದು ವೈದ್ಯರಿಗೆ ಹೊಸ ವಿಷಯವೇನಲ್ಲ. ನಿಮಗೆ ಮೊದಲೇ ಹೇಳಬೇಕಿತ್ತು.

ಆದರೆ ಯಾವ ದಾರಿ ಅಂತ ಯೋಚಿಸುವ ಮೊದಲು ಒಂದು ಕೆಲಸ ಬಾಕಿ ಇದೆ. ಗಟ್ಟಿಯಾಗಿರುವುದು ಪೊರೆಯೇ ಹೌದಾ, ಬೇರೆ ಏನಾದರೂ ಇದೆಯಾ ಅಂತ ನೋಡಿಸಿ. ಅಲ್ಟ್ರಾಸೌಂಡ್, ಬೇಕಾದರೆ ಎಂಆರ್‌ಐ. ಹೊಲಿಗೆ ಗುರುತಿನ ಹತ್ತಿರ, ಚರ್ಮದಲ್ಲಿ, ಕಂಕುಳಲ್ಲಿ ಹೊಸ ಗಂಟು ಇಲ್ಲ ಅಂತ ನಿಮ್ಮ ಕ್ಯಾನ್ಸರ್ ಡಾಕ್ಟರ್ ಖಾತ್ರಿ ಮಾಡಬೇಕು. ಇಂಪ್ಲಾಂಟ್ ಒಳಗೇ ಒಡೆದಿದ್ದರೂ ಹೊರಗಿನಿಂದ ಗೊತ್ತಾಗುವುದಿಲ್ಲ. ಸಿಲಿಕಾನ್ ಇಂಪ್ಲಾಂಟ್ ಇರುವವರು ಏನೂ ತೊಂದರೆ ಇಲ್ಲದಿದ್ದರೂ 5-6 ವರ್ಷಕ್ಕೆ ಮೊದಲ ಸ್ಕ್ಯಾನ್, ಆಮೇಲೆ 2-3 ವರ್ಷಕ್ಕೊಮ್ಮೆ ಮಾಡಿಸಬೇಕು ಅಂತ ಅಮೆರಿಕದ ಔಷಧ, ವೈದ್ಯಕೀಯ ಸಾಧನ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಹೇಳಿದೆ. ನಿಮಗೆ ಹೇಗೂ ಆ ಹೊತ್ತು ಬಂದಿದೆ.

ಇಂಪ್ಲಾಂಟ್ ಕಾರ್ಡ್ ಹುಡುಕಿಡಿ. ಕಂಪನಿ, ಎಷ್ಟು ಸಿಸಿ, ಸೀರಿಯಲ್ ನಂಬರ್, ಮೈ ನುಣುಪೋ ಒರಟೋ ಎಲ್ಲ ಅದರಲ್ಲಿರುತ್ತದೆ. ಒಂದು ಬಗೆಯ ಒರಟು ಮೈಯ ಇಂಪ್ಲಾಂಟನ್ನು 2019ರ ಜುಲೈನಲ್ಲಿ ಜಗತ್ತಿನ ಎಲ್ಲ ಕಡೆಯಿಂದ ವಾಪಸ್ ತೆಗೆದುಕೊಂಡರು. ಅದರ ಸುತ್ತ ಬಹಳ ಅಪರೂಪಕ್ಕೆ ಲಿಂಫೋಮಾ ಅನ್ನುವ ಕ್ಯಾನ್ಸರಿನ ಒಂದು ಜಾತಿ ಬರುವುದು ಕಂಡಿತ್ತು. ಹೆದರಬೇಡಿ, ತೊಂದರೆ ಇಲ್ಲದವರು ತೆಗೆಸಬೇಕಿಲ್ಲ ಅಂತಲೇ ಆಗಲೂ ಹೇಳಿದ್ದರು. ಆದರೆ ವರ್ಷಗಳಾದ ಮೇಲೆ ಇದ್ದಕ್ಕಿದ್ದ ಹಾಗೆ ಊದಿಕೊಂಡು ನೀರು ತುಂಬಿದರೆ ತಡ ಮಾಡಬಾರದು. ಕಾರ್ಡ್ ಇಲ್ಲದಿದ್ದರೆ ಆಸ್ಪತ್ರೆಗೆ ಬರೆದು ದಾಖಲೆ ಕೇಳಿ. ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತ 2002ರ ವೈದ್ಯರ ನಿಯಮಾವಳಿಯಲ್ಲೇ ಇದೆ. ಕಡ್ಡಾಯವಾಗಿ ಇಟ್ಟುಕೊಳ್ಳಬೇಕಾದ್ದು 3 ವರ್ಷ ಮಾತ್ರ. ಅದಕ್ಕೇ ಈಗಲೇ ಕೇಳಿ.

ಇನ್ನು ಹೊಸ ಇಂಪ್ಲಾಂಟ್. ಬದಲಾಯಿಸಿದರೂ ಮೇಲಿನ ಚರ್ಮ ಅದೇ, ಕರೆಂಟ್ ಬಿದ್ದದ್ದೇ. ಹಾಗಾಗಿ ಮತ್ತೆ ಗಟ್ಟಿಯಾಗುವ ಸಾಧ್ಯತೆ ಇದ್ದೇ ಇದೆ. ಅದಕ್ಕೇ ಬಹಳ ಸರ್ಜನ್‌ಗಳು ಕರೆಂಟ್ ಆದವರಿಗೆ ಬೇರೆ ಕಡೆಯಿಂದ ರಕ್ತ ಓಡಾಡುವ ಹೊಸ ಮಾಂಸ ತರುವುದು ಮೇಲು ಅನ್ನುತ್ತಾರೆ. ಹೊಟ್ಟೆಯ ಕೊಬ್ಬು, ಚರ್ಮ ತೆಗೆದು ಸಣ್ಣ ರಕ್ತನಾಳ ಜೋಡಿಸುವುದಕ್ಕೆ ಡಿಐಇಪಿ ಅನ್ನುತ್ತಾರೆ. ಹೊಟ್ಟೆಯ ಸ್ನಾಯು ಹಾಗೇ ಉಳಿಯುತ್ತದೆ. ಆದರೆ ದಿನದ ಬಹುಪಾಲು ನಡೆಯುವ ಆಪರೇಷನ್. ಮೊದಲ ರಾತ್ರಿ ನಾವು ಗಂಟೆಗೊಮ್ಮೆ ಬಣ್ಣ, ಬಿಸಿ ನೋಡುತ್ತಾ ಇರುತ್ತೇವೆ. ರಕ್ತ ನಿಂತರೆ ಮತ್ತೆ ಥಿಯೇಟರಿಗೆ ಒಯ್ಯಬೇಕು. ಮೈಕ್ರೋಸ್ಕೋಪ್ ಇಟ್ಟುಕೊಂಡು ಇದನ್ನು ಆಗಾಗ ಮಾಡುತ್ತಲೇ ಇರುವ ಕಡೆ ಮಾತ್ರ ಮಾಡಿಸಿ. ಸಿಸೇರಿಯನ್ ಆಗಿದ್ದರೆ ಚಿಂತೆ ಬೇಡ, ಕೆಳಗಿನ ಅಡ್ಡ ಗಾಯ ಸಾಮಾನ್ಯವಾಗಿ ಅಡ್ಡಿಯಾಗುವುದಿಲ್ಲ.

ಟ್ಯಾಮಾಕ್ಸಿಫೆನ್ ರಕ್ತ ಹೆಪ್ಪುಗಟ್ಟಿಸುವ ಗುಣದ್ದು. ಇಂಥ ಆಪರೇಷನ್‌ಗೆ ಮೊದಲು ಕೆಲವು ವಾರ ನಿಲ್ಲಿಸಲು ಹೇಳಬಹುದು. ಅದನ್ನು ಕ್ಯಾನ್ಸರ್ ಡಾಕ್ಟರೇ ಹೇಳಬೇಕು, ನೀವಾಗಿ ನಿಲ್ಲಿಸಬೇಡಿ. ಹಲ್ಲಿಗೆ ಮಿಶ್ರಿ, ಅಂದರೆ ಹುರಿದ ತಂಬಾಕಿನ ಪುಡಿ, ಹಚ್ಚುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ನಮ್ಮ ಕಡೆ ಹೆಣ್ಣುಮಕ್ಕಳು ಅದನ್ನು ತಂಬಾಕು ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ, ಡಾಕ್ಟರ್ ಕೇಳಿದರೂ ಇಲ್ಲ ಅನ್ನುತ್ತಾರೆ. ಗಾಯ ಮಾಯದೆ ಕಪ್ಪಗಾಗಿದ್ದನ್ನು ನೋಡಿದ್ದೇನೆ.

ಶಹಾಪುರ ತಂಗಿ:

ಅಕ್ಕಾ, ನಿಮ್ಮ ಬರಹ ಓದಿ ಕಣ್ಣು ತುಂಬಿತು. ನನಗೆ ಬಲಗಡೆ. ಇಂಪ್ಲಾಂಟ್ ಗಟ್ಟಿಯಾದ ಮೇಲೆ ಬೆನ್ನಿನ ಸ್ನಾಯುವಿನಿಂದ ಮಾಡಿಸಿಕೊಂಡೆ. ರೊಟ್ಟಿಯ ವಿಷಯ ನಾನೇ ಹೇಳಬೇಕು.

ನಮ್ಮದು ಹೊಲದ ಮನೆ. ಕೂಲಿಯವರಿಗೂ ಸೇರಿ ದಿನಾ ದೊಡ್ಡ ಬುಟ್ಟಿ ರೊಟ್ಟಿ ಆಗಬೇಕು. ಬೆನ್ನಿನಿಂದ ತೆಗೆಯುವುದು ಅಂದರೆ ಕಿತ್ತು ತರುವುದಲ್ಲ. ರಕ್ತನಾಳ ಕಂಕುಳಲ್ಲಿ ಹಾಗೇ ಇಟ್ಟು, ಸ್ನಾಯುವನ್ನು ಮುಂದಕ್ಕೆ ತಿರುಗಿಸಿ ತರುತ್ತಾರೆ. ಹೊಟ್ಟೆಯದಕ್ಕಿಂತ ಹೊತ್ತು ಕಡಿಮೆ ಹಿಡಿಯುತ್ತದೆ. ಆದರೆ ಆ ಸ್ನಾಯು ಕೈ ಕೆಳಕ್ಕೆ ಒತ್ತಲು, ಹಿಂದಕ್ಕೆ ಎಳೆಯಲು ಬೇಕಾದದ್ದು. ಬೋರಿನ ಹ್ಯಾಂಡ್ ಪಂಪ್ ಒತ್ತುವಾಗ ಮೊದಲು ಗೊತ್ತಾಯಿತು. ನೆಲಕ್ಕೆ ಕೈಯೂರಿ ಏಳುವಾಗ ಗೊತ್ತಾಯಿತು. ಹಿಟ್ಟು ನಾದುವಾಗ ಎದೆಯ ಮೇಲೆ ಆ ಸ್ನಾಯು ತಾನೇ ಅದುರುತ್ತಿತ್ತು, ಮೊದಲ ಸಲ ಗಾಬರಿಯಾದೆ. ನರ ಹಾಗೇ ಇಟ್ಟಿದ್ದರೆ ಹೀಗಾಗುತ್ತದೆ ಅಂತ ಡಾಕ್ಟರ್ ಆಮೇಲೆ ತಿಳಿಸಿದರು. ಕೆಲವರು ಆ ನರ ಕತ್ತರಿಸುತ್ತಾರಂತೆ. ನೀವು ಮೊದಲೇ ಕೇಳಿ.

ಫಿಸಿಯೋಥೆರಪಿ ಬಿಡದೆ ಮಾಡಿದೆ. ಗೋಡೆಗೆ ಬೆರಳು ಹತ್ತಿಸುತ್ತಾ ಮೇಲೆ ಹೋಗುವುದು, ಕೋಲು ಹಿಡಿದು ಎತ್ತುವುದು, ಅಷ್ಟೇ. ಈಗ ರೊಟ್ಟಿ ಬಡಿಯುತ್ತೇನೆ. ಮೊದಲಿನಷ್ಟು ಒಂದೇ ಸಮನೆ ಆಗುವುದಿಲ್ಲ, ನಡುವೆ ಕೈ ಬಿಡಿಸಿಕೊಳ್ಳಬೇಕು. ತುಂಬಿದ ಕೊಡ ಆ ಕಡೆಗೆ ಎತ್ತುವುದು ಬಿಟ್ಟೆ. ಬೆನ್ನಿನ ಗಾಯದಲ್ಲಿ ನೀರು ತುಂಬುತ್ತಿತ್ತು, ಸಿರಿಂಜಿನಿಂದ ತೆಗೆಯುತ್ತಿದ್ದರು. ಅದು ಬಹಳ ಜನಕ್ಕೆ ಆಗುತ್ತದಂತೆ. ನನಗೆ ಬೆನ್ನಿನ ಮಾಂಸ ಒಂದೇ ಸಾಕಾಗಲಿಲ್ಲ, ಒಳಗೆ ಸಣ್ಣ ಇಂಪ್ಲಾಂಟ್ ಇಟ್ಟಿದ್ದಾರೆ. ಇದೂ ತಿಳಿದಿರಲಿ.

ಅಷ್ಟೆಲ್ಲ ಆದರೂ ಆ ಬಿಗಿತ ಹೋಯಿತು ಅಕ್ಕಾ. ಉಸಿರು ತುಂಬಿ ಎಳೆದುಕೊಳ್ಳಬಹುದು. ನಿಮ್ಮ ಎಡಗೈಗೆ ಕೆಲಸ ಎಷ್ಟು, ಮನೆಯಲ್ಲಿ ಕೆಲವು ತಿಂಗಳು ಕೈಜೋಡಿಸುವವರು ಯಾರಿದ್ದಾರೆ, ಅದನ್ನು ಮೊದಲು ನೋಡಿಕೊಳ್ಳಿ. ನನ್ನ ನಾದಿನಿ ಇರದಿದ್ದರೆ ನನಗೆ ಆಗುತ್ತಿರಲಿಲ್ಲ.

ವಾಡಿ ಜಂಕ್ಷನ್:

ಅಕ್ಕಾವ್ರೆ, ಇನ್ಶೂರೆನ್ಸ್ ವಿಷಯ ಮಾತ್ರ ಹೇಳುತ್ತೇನೆ. ನಮ್ಮ ಮನೆಯವಳಿಗೂ ಇದೇ ಮಾತು ಹೇಳಿದ್ದರು. ಪಾಲಿಸಿ ಪುಸ್ತಕ ತರಿಸಿ, ಹೊರಗಿಟ್ಟ ಚಿಕಿತ್ಸೆಗಳ ಪಟ್ಟಿಯಲ್ಲಿ ಎಕ್ಸ್‌ಕ್ಲೂಷನ್ 08 ಅನ್ನುವುದನ್ನು ಓದಿ. ವಿಮಾ ಕಂಪನಿಗಳ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ಎಲ್ಲ ಕಂಪನಿಗೂ ಒಂದೇ ಮಾತಿನಲ್ಲಿ ಬರೆದುಕೊಟ್ಟದ್ದು ಅದು. ಕಾಸ್ಮೆಟಿಕ್, ಪ್ಲಾಸ್ಟಿಕ್ ಸರ್ಜರಿಗೆ ಹಣ ಇಲ್ಲ, ಆದರೆ ಅಪಘಾತ, ಸುಟ್ಟ ಗಾಯ, ಕ್ಯಾನ್ಸರ್ ಆದ ಮೇಲೆ ಮತ್ತೆ ಕಟ್ಟುವ ಆಪರೇಷನ್ ಆ ನಿಷೇಧಕ್ಕೆ ಸೇರುವುದಿಲ್ಲ ಅಂತ ಅದೇ ಸಾಲಿನಲ್ಲಿದೆ. ಆರೋಗ್ಯಕ್ಕೆ ನೇರವಾದ, ತಕ್ಷಣದ ಅಪಾಯ ತಪ್ಪಿಸಲು ವೈದ್ಯಕೀಯವಾಗಿ ಬೇಕೇ ಬೇಕು ಅನ್ನುವ ಚಿಕಿತ್ಸೆಯೂ ಆ ನಿಷೇಧಕ್ಕೆ ಸೇರುವುದಿಲ್ಲ. ಅದಕ್ಕೆ ಡಾಕ್ಟರ್ ಸರ್ಟಿಫಿಕೇಟ್ ಬೇಕು. ಸಿಸ್ಟರ್ ಹೇಳಿದ ಗ್ರೇಡ್, ನೋವು, ಕೈ ಎತ್ತಲು ಆಗದಿರುವುದು, 2020ರ ಕ್ಯಾನ್ಸರ್ ರಿಪೋರ್ಟ್, ಎಲ್ಲವೂ ಆ ಕಾಗದದಲ್ಲಿ ಬರಲಿ.

ಬಾಯಿಮಾತಿನ "ಇಲ್ಲ"ಕ್ಕೆ ಬೆಲೆ ಇಲ್ಲ. ಮೊದಲೇ ಅನುಮತಿಗೆ ಅರ್ಜಿ ಹಾಕಿ, ಉತ್ತರ ಬರವಣಿಗೆಯಲ್ಲಿ ಕೇಳಿ. ಇಲ್ಲ ಅಂದರೆ ಕಂಪನಿಯ ದೂರು ವಿಭಾಗಕ್ಕೆ, ಆಮೇಲೆ ಐಆರ್‌ಡಿಎಐನ ದೂರಿನ ಜಾಲತಾಣ ಬಿಮಾ ಭರೋಸಾ ಪೋರ್ಟಲ್‌ಗೆ. ಅಲ್ಲೂ ಆಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್, ಅಂದರೆ ವಿಮೆಯ ದೂರು ತೀರ್ಮಾನಿಸುವ ಅಧಿಕಾರಿ. ಅಲ್ಲಿ ದೂರಿಗೆ ಫೀಸು ಇಲ್ಲ, ವಕೀಲರೂ ಬೇಡ. ಈ ಓಡಾಟ ನಿಮ್ಮ ಯಜಮಾನರಿಗೆ ವಹಿಸಿ. ಹೆದರಿಕೆ ಇರುವವರಿಗೆ ಮಾಡಲು ಒಂದು ಕೆಲಸ ಸಿಕ್ಕರೆ ಒಳ್ಳೆಯದು. ನನಗೆ ಹಾಗೇ ಆಯಿತು.

ಬಸವಕಲ್ಯಾಣದ ಅಕ್ಕ:

ತಂಗಿ, ನಾನು ತೆಗೆಸಿ ಹಾಗೇ ಮುಚ್ಚಿಸಿಕೊಂಡವಳು. ವಯಸ್ಸು 58. ನನಗೆ ಶುಗರ್ ಇದೆ, ದೊಡ್ಡ ಆಪರೇಷನ್ ಬೇಡ ಅನಿಸಿತು. ಯಾರೂ ಒತ್ತಾಯ ಮಾಡಲಿಲ್ಲ. ಇದೂ ಒಂದು ಪೂರ್ತಿ ಆಯ್ಕೆ, ಸೋತು ಕೈಬಿಟ್ಟದ್ದು ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡ.

ಒಂದು ಮಾತು ಗಟ್ಟಿಯಾಗಿ ನೆನಪಿಡು. ಸುಮ್ನೆ ಇಂಪ್ಲಾಂಟ್ ತೆಗೆದು ಹೊಲಿದರೆ ಉಳಿದ ಚರ್ಮ ಜೋತು, ಮಡಿಕೆ ಬಿದ್ದು, ಬಿಸಿಲಿಗೆ ಬೆವೆತು ಕೆರೆತ ಬರುತ್ತದೆ. ಹೆಚ್ಚಿನ ಚರ್ಮ ತೆಗೆದು ಸಮತಟ್ಟಾಗಿ ಮುಚ್ಚಿ ಕೊಡಿ ಅಂತ ಮೊದಲೇ ಸ್ಪಷ್ಟವಾಗಿ ಹೇಳು. ಒಪ್ಪಿಗೆ ಪತ್ರದಲ್ಲೂ ಬರೆಸು. "ಮುಂದೆ ಮನಸ್ಸು ಬದಲಾದರೆ ಇರಲಿ" ಅಂತ ಕೆಲವರು ಚರ್ಮ ಬಿಡುತ್ತಾರೆ. ನಿನಗೆ ಬೇಕೋ ಬೇಡವೋ ನೀನೇ ಹೇಳಬೇಕು.

ಹೊರಗೆ ಹೋಗುವಾಗ ಬ್ರಾ ಒಳಗೆ ಇಡುವ ಸಿಲಿಕಾನ್ ಎದೆ ಇದೆ. ಭಾರ ಸರಿಯಾಗಿ ಕೂರುತ್ತದೆ, ಆದರೆ ನಮ್ಮ ಕಡೆಯ ಏಪ್ರಿಲ್, ಮೇ ಬಿಸಿಲಿನಲ್ಲಿ ಸಾಕಾಗಿಬಿಡುತ್ತದೆ. ಬೇಸಿಗೆಗೆ ಹತ್ತಿ ದಾರದಲ್ಲಿ ಹೆಣೆದದ್ದು ಇಟ್ಟುಕೊಳ್ಳುತ್ತೇನೆ. ಹೆಣೆದು ಉಚಿತವಾಗಿ ಕಳಿಸುವ ಹೆಣ್ಣುಮಕ್ಕಳಿದ್ದಾರೆ, ನಿನ್ನ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕೇಳು. ಜಂಪರಿಗೆ ಒಳಗಿನಿಂದ ಹತ್ತಿ ಬಟ್ಟೆಯ ಜೇಬು ಹೊಲಿಸಿದ್ದೇನೆ. ನಮ್ಮ ಓಣಿಯ ಟೇಲರ್ ಬಾಯಿ ಮೊದಲು ಸಂಕೋಚಪಟ್ಟಳು. ಈಗ ಅವಳೇ ಇನ್ನಿಬ್ಬರಿಗೆ ಹೊಲಿದು ಕೊಟ್ಟಿದ್ದಾಳೆ.

ಮನೆಯಲ್ಲಿ ಏನೂ ಹಾಕುವುದಿಲ್ಲ. ಮೊಮ್ಮಗ ಬಂದು ಎದೆಗೆ ಒರಗಿ ಮಲಗುತ್ತಾನೆ. ಇಂಪ್ಲಾಂಟ್ ಇದ್ದಾಗ ಅವನನ್ನು ಆ ಕಡೆಗೆ ಬಿಡುತ್ತಿರಲಿಲ್ಲ. ಅತ್ತೆಯ ಮಾತಿಗೆ ನೊಂದುಕೊಳ್ಳಬೇಡ. ಆ ಕಾಲದವರಿಗೆ ಹೆಣ್ಣಿನ ನೋವು ಕೇಳಿ ಗೊತ್ತೇ ವಿನಾ ಹೇಳಿ ಗೊತ್ತಿಲ್ಲ.

ಸೇಡಂ ಟೀಚರ್:

ನಿಮಗೆಲ್ಲ ಹೇಗೆ ಧನ್ಯವಾದ ಹೇಳಲಿ. ಈ ವಿಷಯ ಇಷ್ಟು ಬಿಚ್ಚಿ ಮಾತಾಡಿದ್ದು ಇದೇ ಮೊದಲು. ಎಲ್ಲ ಉತ್ತರಗಳನ್ನು ಮನೆಯವರಿಗೆ ಓದಿ ಹೇಳಿದೆ. ವಾಡಿಯ ಅಣ್ಣ ಹೇಳಿದ ಪಾಲಿಸಿ ಸಾಲು ಅವರೇ ಹುಡುಕಿ, ಕೆಂಪು ಗೆರೆ ಎಳೆದು ತಂದರು. ಫ್ಯಾಕ್ಟರಿಯ ಆಫೀಸಿಗೂ ತೋರಿಸಿ ಬಂದಿದ್ದಾರೆ. ಅರ್ಜಿ ಕೊಡಿ, ನೋಡೋಣ ಅಂದರಂತೆ.

ಕಾರ್ಡ್ ಸಿಕ್ಕಿತು, ಹಳೆಯ ಕೀಮೋ ಫೈಲಿನ ಕೊನೆಯಲ್ಲಿತ್ತು. ನುಣುಪು ಮೈಯದು. ಆ ಒಂದು ಭಯ ಇಳಿಯಿತು.

ನನ್ನ ಮನಸ್ಸು ಈಗ ಎಲ್ಲಿದೆ ಅಂದರೆ, ಬರೀ ಇಂಪ್ಲಾಂಟ್ ಬದಲಾಯಿಸುವುದು ನನಗೆ ಬೇಡ. ಅದೇ ಚರ್ಮದ ಕೆಳಗೆ ಅದೇ ಕಥೆ ಮತ್ತೆ ಶುರುವಾಗುವ ಭಯದಲ್ಲಿ ಬದುಕಲಾರೆ. ಬೆನ್ನಿನದೂ ಬೇಡ ಅನಿಸುತ್ತಿದೆ. ಎಡಗಡೆ ಕಂಕುಳಿನ ಗ್ರಂಥಿ ತೆಗೆದಿದ್ದಾರೆ, ಕೈ ಆಗಾಗ ಊದುತ್ತದೆ. ಆ ಭುಜಕ್ಕೆ ಇನ್ನೊಂದು ಹೊರೆ ಹೇರಲು ಮನಸ್ಸಿಲ್ಲ. ಉಳಿದದ್ದು ಹೊಟ್ಟೆಯದು, ಇಲ್ಲಾ ಬಸವಕಲ್ಯಾಣದ ಅಕ್ಕನ ದಾರಿ. ನಿಜ ಹೇಳಬೇಕೆಂದರೆ ಎರಡನೆಯದನ್ನು ಓದಿದಾಗ ಮೈ ಹಗುರ ಅನಿಸಿತು. ಆದರೆ ಬಲಗಡೆ ಭಾರ ಇದೆ, ಒಂದೇ ಕಡೆ ಇದ್ದರೆ ಬೆನ್ನು ನೋವು ಬರುತ್ತದಾ ಅನ್ನುವ ಅನುಮಾನ. ಮೊದಲು ತೆಗೆಸಿ, ಸ್ವಲ್ಪ ಕಾಲ ಇದ್ದು ನೋಡಿ, ಬೇಕಾದರೆ ಮುಂದೆ ಹೊಟ್ಟೆಯಿಂದ ಕಟ್ಟಿಸಬಹುದಾ ಸಿಸ್ಟರ್? ಎರಡೂ ಒಂದೇ ಸಲ ನಿರ್ಧಾರ ಮಾಡಲೇಬೇಕಾ?

ಬೀದರ್ ಸಿಸ್ಟರ್:

ಒಂದೇ ಸಲ ನಿರ್ಧಾರ ಮಾಡಬೇಕಿಲ್ಲ ಟೀಚರ್. ಮೊದಲು ತೆಗೆಸಿ, ಆಮೇಲೆ ಹೊಟ್ಟೆಯಿಂದ ಕಟ್ಟಿಸಿಕೊಂಡವರು ನಮ್ಮ ವಾರ್ಡಿಗೆ ಬರುತ್ತಿದ್ದರು. ಹಾಗೆ ಮನಸ್ಸಿದ್ದರೆ ಸರ್ಜನ್‌ಗೆ ಮೊದಲೇ ಹೇಳಿ, ಏಕೆಂದರೆ ಚರ್ಮ ಎಷ್ಟು ಉಳಿಸಬೇಕು ಅನ್ನುವುದು ಅದರ ಮೇಲೆ ನಿಂತಿದೆ. ಆದರೆ ಎರಡು ಸಲ ಅರಿವಳಿಕೆ, ಎರಡು ಸಲ ರಜೆ ಅನ್ನುವುದೂ ಲೆಕ್ಕದಲ್ಲಿರಲಿ. ಬಲಗಡೆ ಭಾರ ಬೆನ್ನಿಗೆ ತೊಂದರೆ ಕೊಟ್ಟರೆ ಆ ಕಡೆ ಸ್ವಲ್ಪ ಚಿಕ್ಕದು ಮಾಡುವ ಆಪರೇಷನ್ ಇದೆ. ಅದಕ್ಕೆ ಮೊದಲು ಬಲಗಡೆಯ ಮ್ಯಾಮೋಗ್ರಾಂ ಹೊಸದಾಗಿ ಮಾಡಿಸಿ. ತೆಗೆದ ಪೊರೆಯನ್ನು ಪರೀಕ್ಷೆಗೆ ಕಳಿಸುತ್ತೀರಾ ಅಂತಲೂ ಕೇಳಿ.

ಎಡಗೈ ಊದುತ್ತದೆ ಅಂದಿರಿ. ಆ ಕೈಗೆ ಸೂಜಿ, ಬಿಪಿ ಪಟ್ಟಿ ಬೇಡ ಅಂತ ದಾಖಲಾಗುವಾಗಲೇ ಹೇಳಿ. ಸರ್ಜನ್ ಹೆಸರಿನ ಮುಂದೆ ಎಂ.ಸಿಎಚ್. ಅಥವಾ ಡಿಎನ್‌ಬಿ ಪ್ಲಾಸ್ಟಿಕ್ ಸರ್ಜರಿ ಇದೆಯಾ ನೋಡಿ. ಕರೆಂಟ್ ಆದವರಿಗೆ ಅವರೇ ಮಾಡಿದ ಆಪರೇಷನ್‌ಗಳ ಫೋಟೋ ತೋರಿಸಿ ಅನ್ನಿ. ಒಳ್ಳೆಯ ಸರ್ಜನ್ ಬೇಸರ ಮಾಡಿಕೊಳ್ಳುವುದಿಲ್ಲ. ಈ ಸಲ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು, ಯಜಮಾನರನ್ನು ಜೊತೆಗೆ ಒಳಗೆ ಕರೆದುಕೊಂಡು ಹೋಗಿ.

ಸೇಡಂ ಟೀಚರ್:

ಆಯಿತು ಸಿಸ್ಟರ್. ಮೊದಲು ಕಲಬುರಗಿಯಲ್ಲಿ ಸ್ಕ್ಯಾನ್, ಮ್ಯಾಮೋಗ್ರಾಂ. ದಸರಾ ರಜೆಯಲ್ಲಿ ಸೇಡಂನಿಂದಲೇ ರೈಲು ಹತ್ತಿ ಹೈದರಾಬಾದಿಗೆ ಹೋಗುತ್ತೇವೆ. ಬಸ್ಸಿನ ಕುಲುಕಾಟ ತಪ್ಪುತ್ತದೆ. ಮಗಳು ಪಿಯುಸಿ ಓದುತ್ತಿದ್ದಾಳೆ, ಪ್ರಶ್ನೆ ಬರೆಯುವ ಕೆಲಸ ತನಗೇ ಬೇಕು ಅಂತ ಕೂತಿದ್ದಾಳೆ. ಶಹಾಪುರದ ತಂಗಿ, ಗೋಡೆಯ ವ್ಯಾಯಾಮ ನಾನೂ ಈಗಿನಿಂದಲೇ ಶುರು ಮಾಡಬಹುದಾ?

ಶಹಾಪುರ ತಂಗಿ:

ಮಾಡಬಹುದು ಅಕ್ಕಾ, ಆದರೆ ಕೈ ಊದುವುದರಿಂದ ಒಮ್ಮೆ ಫಿಸಿಯೋದವರಿಗೆ ತೋರಿಸಿ ಶುರು ಮಾಡಿ. ಎಳೆತ ಗೊತ್ತಾಗುವ ತನಕ ಸಾಕು, ನೋವಾಗುವ ತನಕ ಬೇಡ.